ಅಪ್‌ಡೇಟ್: ಕಾರಿಲ್ಲದೆ ಸಾರ್ಲಾ ತಲುಪಿದೆವು

ಫ್ರಾನ್ಸಿನ ದೋರ್ದೋನ್ಯ್ ಕಡೆ, ಸಾರ್ಲಾ ಊರಿಗೆ ಕಾರಿಲ್ಲದೆ ಹೋಗೋದು ಹೇಗೆ, ಬೆರ್ಜೆರಾಕ್ ವಿಮಾನ ನಿಲ್ದಾಣ ಆಗುತ್ತಾ ಅಂತ ಕೇಳಿದ್ದೆ. ಹೋಗಿ ಬಂದೆವು, ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಬೆರ್ಜೆರಾಕ್ ಬಿಟ್ಟುಬಿಡಿ. ಅಲ್ಲಿಗೆ ಬರೋ ವಿಮಾನಗಳು ಜಾಸ್ತಿ ಇಂಗ್ಲೆಂಡಿನವು. ಬೆಂಗಳೂರಿಂದ ಹೋಗೋರಿಗೆ ಪ್ಯಾರಿಸ್ಸೇ ಸರಿ. ಅಲ್ಲಿನ ಮೋಂಪಾರ್ನಾಸ್ ಸ್ಟೇಷನ್ನಿಂದ ಟಿಜಿವಿ ಅನ್ನೋ ಹೈಸ್ಪೀಡ್ ರೈಲು ಹತ್ತಿದರೆ ಸುಮಾರು 2 ಗಂಟೆಯಲ್ಲಿ ಬೋರ್ಡೋ. ಅಲ್ಲಿಂದ ಟಿಇಆರ್ ಅನ್ನೋ ಪ್ರಾದೇಶಿಕ ರೈಲು. ಅದಕ್ಕೆ ಸೀಟು ಕಾದಿರಿಸೋ ಗೋಜಿಲ್ಲ. ಸೇಂಟ್ ಎಮಿಲಿಯೋಂ ಹತ್ತಿರ ಎರಡೂ ಕಡೆ ದ್ರಾಕ್ಷಿ ತೋಟ, ಆಮೇಲೆ ನದಿ ಜೊತೆಗೇ ಬರುತ್ತೆ. ನಿಧಾನ, ಆದರೆ ಬೇಜಾರಾಗಲಿಲ್ಲ.

ಸಾರ್ಲಾ ಕೊನೇ ಸ್ಟೇಷನ್. ಹಳೇ ಊರು ಅಲ್ಲಿಂದ ಸ್ವಲ್ಪ ದೂರ, ಇಳಿಜಾರು. ವಾಪಸ್ ಬರುವಾಗ ಏರು, ಸೂಟ್‌ಕೇಸ್ ಚಿಕ್ಕದಿರಲಿ! ಶನಿವಾರದ ಸಂತೆಯಲ್ಲಿ ಅಕ್ರೋಟ್ ಕೊಳ್ಳಿ. ರೈಲುಗಳು ಕಡಿಮೆ, ಟೈಮ್‌ಟೇಬಲ್ ನೋಡಿಯೇ ರೂಮು ಬುಕ್ ಮಾಡಿ.