ಅಪ್‌ಡೇಟ್: ಪಿಕಪ್‌ಗೆ ಸಿಂಗಲ್ ಕ್ಯಾಬಾ, ದೊಡ್ಡ ಕ್ಯಾಬಾ?

ಪುಣೆಯಲ್ಲಿ ನಮ್ಮದು ಉಡುಪಿ ಅಡುಗೆಯ ಕೇಟರಿಂಗ್. ಹುಡುಗರು, ಪಾತ್ರೆ ಎರಡನ್ನೂ ಒಯ್ಯಲು ಪಿಕಪ್ ಗಾಡಿಯಲ್ಲಿ ಯಾವ ಕ್ಯಾಬ್ (ಮುಂದೆ ಜನ ಕೂರುವ ಕ್ಯಾಬಿನ್) ಒಳ್ಳೆಯದು ಅಂತ ಇಲ್ಲಿ ಕೇಳಿದ್ದೆನಲ್ಲ, ಕೊನೆಗೆ ಬೊಲೆರೊ ಕ್ಯಾಂಪರ್ ತಗೊಂಡೆ. ಡಬಲ್ ಕ್ಯಾಬ್, ಅಂದರೆ ಎರಡು ಸಾಲು ಸೀಟಿನದು.

ಉಪಯೋಗಕ್ಕೆ ಬಂದಿದ್ದು "ಟೇಪ್ ಹಿಡ್ಕೊಂಡು ಹೋಗಿ, ನಿಮ್ಮ ಅತಿ ಉದ್ದದ ಸಾಮಾನು ಅಳೆಯಿರಿ" ಎಂದವರ ಮಾತು. ಅಳೆದೆ. ಹಂಡೆ, ಗ್ಯಾಸ್ ಒಲೆ, ಸಿಲಿಂಡರ್ ಎಲ್ಲ ಹಿಡಿಯುತ್ತವೆ. ಆರಡಿ ಮೇಜು ಮಾತ್ರ ಹಿಂಬಾಗಿಲು ಮುಚ್ಚಿದರೆ ಹಿಡಿಯುವುದಿಲ್ಲ. ಆದರೆ ಇಲ್ಲಿನ ಮಂಗಲ ಕಾರ್ಯಾಲಯಗಳಲ್ಲಿ (ಮದುವೆ ಹಾಲ್) ಹೆಚ್ಚಾಗಿ ಮೇಜು ಅವರದ್ದೇ ಇರುತ್ತದೆ, ಸುಮ್ನೆ ಹೊತ್ತುಕೊಂಡು ಹೋಗುತ್ತಿದ್ದೆವು!

ಎಕ್ಸ್‌ಟೆಂಡೆಡ್ ಕ್ಯಾಬ್ (ಸೀಟಿನ ಹಿಂದೆ ಸ್ವಲ್ಪ ಜಾಗ ಇರುವುದು) ಹುಡುಕಿ ಎಂದಿದ್ದರು ಒಬ್ಬರು. ಇಸುಝು ಡಿ-ಮ್ಯಾಕ್ಸ್ ಸ್ಪೇಸ್ ಕ್ಯಾಬ್ ಹಳೆಯದೊಂದನ್ನು ನೋಡಿದೆ. ಸೀಟಿನ ಹಿಂದೆ ಚೀಲ ಇಡಬಹುದು, ಜನ ಕೂರೋದು ಕಷ್ಟ.

ಒಂದೇ ಸಾಲು ಸೀಟಿನ ಸಿಂಗಲ್ ಕ್ಯಾಬ್ ತಗೊಂಡು ಹುಡುಗರನ್ನು ಹಿಂದೆ ಕೂರಿಸಿ ಎಂಬ ಸಲಹೆ ಬೇಡವೇ ಬೇಡ. ಸರಕಿನ ಗಾಡಿಯ ಡಾಲಾದಲ್ಲಿ (ಹಿಂದೆ ಸಾಮಾನು ಹಾಕುವ ಜಾಗ) ಜನ ಕೂರಿಸುವುದು ಕಾನೂನಿಗೆ ವಿರುದ್ಧ. ಅಪಘಾತವಾದರೆ ವಿಮೆಯವರೂ ಕೈ ಎತ್ತಬಹುದು. ಆರ್‌ಸಿಯಲ್ಲಿ ಎಷ್ಟು ಸೀಟು ಬರೆದಿದೆ ಅಂತ ಮೊದಲೇ ನೋಡಿಕೊಳ್ಳಿ.

ಗೊತ್ತಿಲ್ಲದಿದ್ದ ವಿಷಯ ಒಂದಿತ್ತು. ಡಬಲ್ ಕ್ಯಾಬ್ ಅಂದರೆ ಗಾಡಿ ಉದ್ದವಾಗುತ್ತೆ, ಸದಾಶಿವ ಪೇಠೆಯ ಗಲ್ಲಿಗಳಲ್ಲಿ ತಿರುಗಲ್ಲ ಅಂದುಕೊಂಡಿದ್ದೆ. ಹಾಗೇನಿಲ್ಲ, ಕ್ಯಾಬಿನ್ ದೊಡ್ಡದಾದಷ್ಟು ಡಾಲಾ ಚಿಕ್ಕದಾಗುತ್ತದೆ ಅಷ್ಟೆ. ಹೊರುವ ಭಾರವೂ ಕಡಿಮೆ, ಇದು ಸುಮಾರು 1 ಟನ್ ಹೊರುತ್ತದೆ. ಅದೇ ಬೊಲೆರೊ ಸಿಂಗಲ್ ಕ್ಯಾಬ್‌ನಲ್ಲಿ 1.7 ಟನ್ ಹೊರುವ ಮಾದರಿಯೂ ಸಿಗುತ್ತದೆ. ತರಕಾರಿ, ಸಿಮೆಂಟ್ ಸಾಗಿಸುವವರಾದರೆ ಅದನ್ನೇ ತಗೊಳ್ಳಿ.