ನನ್ನ ತಮ್ಮ ಚರ್ಚ್ ಬದಲಾಯಿಸಿದ್ದಾನೆ, ಅಮ್ಮನಿಗೆ ರಕ್ಷಣೆ ಇಲ್ಲ, ಅಂದ್ರೆ ಸತ್ತ ಮೇಲೆ ದೇವರ ಹತ್ರ ಜಾಗ ಇಲ್ಲ ಅಂತಾನೆ. ನಿಮ್ಮನೇಲೂ ಹೀಗಾಗಿತ್ತಾ?

ಬಿಣಗಾದಿಂದ ಕೇಳಿದ್ದು:
ನಾವು ಕಾರವಾರದ ಹತ್ರ ಬಿಣಗಾದವರು, ಕ್ಯಾಥೊಲಿಕರು, ನಾನು ಹಿರಿಮಗಳು. ತಮ್ಮ ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ 2 ವರ್ಷ ಆಯ್ತು, ಅಲ್ಲಿ ಒಂದು ಪೆಂಟಕೋಸ್ಟ್ ಸಭೆಗೆ, ಅಂದ್ರೆ ಪವಿತ್ರಾತ್ಮನ ವರಗಳಿಗೆ ಒತ್ತು ಕೊಡುವ ಪ್ರೊಟೆಸ್ಟಂಟ್ ಚರ್ಚಿಗೆ ಹೋಗ್ತಾನೆ, ನೀರಲ್ಲಿ ಮುಳುಗಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ತಗೊಂಡಿದ್ದಾನೆ. ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಈ ಸಲ ಊರಿಗೆ ಬಂದವ, ಅಮ್ಮ ಜಪಸರ ಹಿಡಿದು ಕೂತಿದ್ದಾಗ್ಲೇ, ಚಿಕ್ಕ ಮಗುವಿನ ತಲೆ ಮೇಲೆ ನೀರು ಹೊಯ್ದದ್ದು ದೀಕ್ಷಾಸ್ನಾನ ಅಲ್ಲ, ಅನ್ಯಭಾಷೆ (ಪ್ರಾರ್ಥನೇಲಿ ತಾನಾಗೇ ಬಾಯಿಗೆ ಬರುವ, ಕಲಿಯದ ಭಾಷೆ) ಬರದವರಲ್ಲಿ ಪವಿತ್ರಾತ್ಮ ಇಲ್ಲ, ಪವಿತ್ರಾತ್ಮ ಇಲ್ಲದಿದ್ರೆ ರಕ್ಷಣೆ ಇಲ್ಲ ಅಂದ್ಬಿಟ್ಟ. ಅಮ್ಮನಿಗೆ 72. ರಾತ್ರಿ ನನ್ನ ಹತ್ರ ಬಂದು "ಹಾಗಾದ್ರೆ ನಿನ್ನ ಅಪ್ಪ ಎಲ್ಲಿಗೆ ಹೋದ್ರು" ಅಂತ ಕೇಳಿದ್ರು. ನನಗೆ ಮಾತೇ ಬರ್ಲಿಲ್ಲ. ಕ್ರಿಸ್‌ಮಸ್ಸಿಗೆ ಅವ ಮತ್ತೆ ಬರ್ತಾನೆ. ಅನುಭವ ಇದ್ದವರು ಹೇಳಿ, ವಾದ ಮಾಡೂದಾ, ಸುಮ್ಮನಿರೂದಾ?

ಹೊನ್ನಾವರದಿಂದ:
ಅಕ್ಕಾ, ನಾನು ನಿಮ್ಮ ತಮ್ಮನ ಕಡೆಯವಳು, ಅಂದ್ರೆ ನಾನೂ ಪೆಂಟಕೋಸ್ಟ್ ಸಭೆಗೆ ಹೋಗುವವಳು, ಈಗ್ಲೂ ಹೋಗ್ತೇನೆ, ಅದಕ್ಕೇ ಬರೀತಾ ಇದ್ದೇನೆ. ನಾವು ಸಭೆಗೆ ಸೇರಿದ ಹೊಸತರಲ್ಲಿ ಮೂರು ರಾತ್ರಿ ಉಪವಾಸ ಪ್ರಾರ್ಥನೆ ಇತ್ತು. ಒಬ್ಬೊಬ್ಬರಿಗೇ ಅಭಿಷೇಕ, ಅಂದ್ರೆ ಪವಿತ್ರಾತ್ಮ ಇಳಿದು ಅನ್ಯಭಾಷೆ ಬರೂದು, ಆಗ್ತಾ ಬಂತು, ನನ್ನ ಗಂಡನಿಗೂ ಆಯ್ತು, ನನಗೆ ಆಗ್ಲಿಲ್ಲ. ಎರಡನೇ ರಾತ್ರಿ ತಲೆ ಮೇಲೆ ಕೈ ಇಟ್ಟು, ಮನಸ್ಸಲ್ಲಿ ಏನೋ ಪಾಪ ಮುಚ್ಚಿಟ್ಟಿದ್ದೀಯ ಅಂದ್ರು. ಏನಂತ ಒಪ್ಪಿಕೊಳ್ಳೂದು, ನೆನಪಾದದ್ದನ್ನೆಲ್ಲ ಹೇಳಿ ಆಗಿತ್ತು. ಮೂರನೇ ರಾತ್ರಿ ಹಲ್ಲೆಲೂಯ ಹಲ್ಲೆಲೂಯ ಅಂತ ಜೋರಾಗಿ ಹೇಳ್ತಾ ಇರು, ನಾಲಿಗೆ ತಾನಾಗೇ ತಿರುಗ್ತದೆ ಅಂದ್ರು. ತಿರುಗ್ಲಿಲ್ಲ. ನಾನೇ ತಿರುಗಿಸಿದೆ. ಏನೇನೋ ಶಬ್ದ ಮಾಡಿದೆ, ಸುತ್ತ ನಿಂತವರೆಲ್ಲ ಸ್ತೋತ್ರ ಅಂದ್ರು, ನನ್ನ ಗಂಡ ಖುಷಿಗೆ ಅತ್ತೇಬಿಟ್ಟ.

ಆಮೇಲೆ ಎರಡು ವರ್ಷ ನಾನು ಪಟ್ಟ ಭಯ ಯಾರಿಗೂ ಬೇಡ. ಬೈಬಲ್ಲಲ್ಲಿ ಪವಿತ್ರಾತ್ಮನಿಗೆ ಸುಳ್ಳು ಹೇಳಿದ ಅನನೀಯ ಸಪ್ಫೈರ ಅನ್ನುವ ಗಂಡ ಹೆಂಡತಿ ಬಿದ್ದು ಸತ್ತ ಕಥೆ ಗೊತ್ತಲ್ಲ, ನಾನು ಅದೇ ಮಾಡಿದೆ ಅಂತ ರಾತ್ರಿ ಎದ್ದು ಕೂರ್ತಿದ್ದೆ, ಗಂಡನ ಹತ್ರಾನೂ ಹೇಳಿರ್ಲಿಲ್ಲ. ಕಡೆಗೆ ಬೇರೆ ಊರಿನ ಒಬ್ಬ ವಯಸ್ಸಾದ ಪಾಸ್ಟರ್, ಅವರೂ ಪೆಂಟಕೋಸ್ಟಿನವರೇ, ಮನೆಗೆ ಬಂದಾಗ ಬಾಯಿ ಬಿಟ್ಟೆ. ಅವರು ಬೈಲಿಲ್ಲ. ಬೈಬಲ್ಲಲ್ಲಿ 1 ಕೊರಿಂಥ 12:30 ತೆಗೆದು ಓದು ಅಂದ್ರು. ಎಲ್ಲರೂ ಅನ್ಯಭಾಷೆ ಆಡ್ತಾರಾ ಅಂತ ಪೌಲ ಕೇಳ್ತಾನೆ ಅಲ್ಲಿ, ಇಲ್ಲ ಅನ್ನೂದೇ ಅದರ ಉತ್ತರ. ಮತ್ತೊಂದು ಮಾತು ಹೇಳಿದ್ರು, ಅದನ್ನೇ ನೀವು ಹಿಡ್ಕೊಳ್ಳಿ. ಅಸೆಂಬ್ಲೀಸ್ ಆಫ್ ಗಾಡ್ ಥರದ ದೊಡ್ಡ ಪೆಂಟಕೋಸ್ಟ್ ಸಭೆಗಳ ಬೋಧನೆಯಲ್ಲೇ ಅನ್ಯಭಾಷೆ ಅಂದ್ರೆ ಪವಿತ್ರಾತ್ಮನ ದೀಕ್ಷಾಸ್ನಾನ (ಅಭಿಷೇಕ ಅಂದೆನಲ್ಲ, ಅದೇ) ಆದದ್ದಕ್ಕೆ ಮೊದಲ ಗುರುತು, ರಕ್ಷಣೆಯ ಗುರುತಲ್ಲ. ರಕ್ಷಣೆ ಆದವರು ಆಮೇಲೆ ಬೇಡಿಕೊಳ್ಳುವ ವರ ಅದು. ಯೇಸುವಿನ ಹೆಸರಲ್ಲಿ ಮಾತ್ರ ಮುಳುಗಿಸುವ, ಒಬ್ಬನೇ ದೇವರಲ್ಲಿ ತಂದೆ, ಮಗ, ಪವಿತ್ರಾತ್ಮ ಅಂತ ಮೂವರು ಅನ್ನುವ ತ್ರಿತ್ವ ಒಪ್ಪದ ಕೆಲವು ಸಭೆಗಳು ಮಾತ್ರ ಅಪೊಸ್ತಲರ ಕೃತ್ಯ 2:38 ಹಿಡಿದು ಸ್ನಾನ, ಅನ್ಯಭಾಷೆ, ರಕ್ಷಣೆ ಮೂರನ್ನೂ ಒಂದೇ ಗಂಟು ಕಟ್ತಾರೆ. ಹಾಗಾಗಿ ತಮ್ಮನ ಹತ್ರ ವಾದ ಬೇಡ, ಒಂದೇ ಪ್ರಶ್ನೆ ಕೇಳಿ, ಅನ್ಯಭಾಷೆ ರಕ್ಷಣೆಯ ಗುರುತಾ ಅಭಿಷೇಕದ ಗುರುತಾ, ನಿನ್ನ ಪಾಸ್ಟರ್ ಹತ್ರ ಕೇಳ್ಕೊಂಡು ಬಾ ಅನ್ನಿ. ಹೊಸದಾಗಿ ಸೇರಿದವರು ಎರಡನ್ನೂ ಕಲಸಿಬಿಡ್ತಾರೆ, ನಾನೂ ಕಲಸಿದ್ದೆ.

ಅಮ್ಮನಿಗೆ ಯೇಸುವಿನ ಪಕ್ಕ ಶಿಲುಬೆಗೆ ಹಾಕಿದ್ದ ಕಳ್ಳನ ಕಥೆ ಹೇಳಿ. ಅವ ನೀರಲ್ಲಿ ಮುಳುಗ್ಲಿಲ್ಲ, ಅನ್ಯಭಾಷೆ ಆಡ್ಲಿಲ್ಲ, ಇವತ್ತೇ ನನ್ನ ಸಂಗಡ ಇರ್ತೀಯ ಅಂತ ಯೇಸು ಅವನಿಗೆ ಹೇಳಿದ್ರು.

ಕುಮಟಾದಿಂದ:
ನಾನು ಬ್ರದರನ್ ಸಭೆ, ಅದೂ ಪ್ರೊಟೆಸ್ಟಂಟರದ್ದೇ. ನಮ್ಮಲ್ಲಿ ಇದರ ಉಲ್ಟಾ, ಅನ್ಯಭಾಷೆ ಅಪೊಸ್ತಲರ ಕಾಲಕ್ಕೇ ನಿಂತುಹೋಯ್ತು ಅಂತೇವೆ. 1 ಕೊರಿಂಥ 13ರಲ್ಲಿ ಪೂರ್ಣವಾದದ್ದು ಬಂದಾಗ ಅಂತ ಇದೆಯಲ್ಲ, ಅದು ಬೈಬಲ್ ಪೂರ್ತಿಯಾದದ್ದು ಅಂತ ನಮ್ಮವರು, ಕ್ರಿಸ್ತ ಮತ್ತೆ ಬರೂದು ಅಂತ ಪೆಂಟಕೋಸ್ಟಿನವರು. ರಕ್ಷಣೆ ಒಮ್ಮೆ ಸಿಕ್ಕಿದ್ರೆ ಹೋಗೂದಿಲ್ಲ ಅಂತ ಯೋಹಾನ 10:28 ತೋರಿಸ್ತೇವೆ ನಾವು, ಇಬ್ರಿಯ 6 ತೋರಿಸಿ ಬಿದ್ದುಹೋಗಬಹುದು ಅಂತಾರೆ ಪೆಂಟಕೋಸ್ಟಿನವರಲ್ಲಿ ಹೆಚ್ಚಿನವರು. ಹೊಸದಾಗಿ ಹುಟ್ಟಿದವರು, ಅಂದ್ರೆ ಯೇಸುವನ್ನ ನಂಬಿ ಹೊಸ ಜೀವ ಪಡೆದವರೆಲ್ಲ ಒಂದೇ ಮಾತು ಹೇಳ್ತೇವೆ ಅಂತ ನಿಮ್ಮ ತಮ್ಮ ಅಂದ್ರೆ ಅದು ಹೌದಲ್ಲ.

ಇನ್ನೊಂದು, ಇದು ಬರೆಯೂದು ಕಷ್ಟ. ನನ್ನ ಅವ್ವ ಕ್ಯಾಥೊಲಿಕ್ ಆಗೇ ತೀರಿಕೊಂಡಳು. ಇಗರ್ಜಿಯೊಳಗೆ (ಚರ್ಚಲ್ಲಿ) ಅವಳ ಅಂತ್ಯಕ್ರಿಯೆಯ ಪೂಜೆ ನಡೀತಿದ್ರೆ ನಾನು ಒಳಗೆ ಕಾಲಿಡ್ಲಿಲ್ಲ, ಹೊರಗೆ ಬಾದಾಮಿ ಮರದ ಕೆಳಗೆ ಮಳೇಲಿ ನಿಂತೆ, ಸತ್ಯಕ್ಕೆ ನಿಂತಿದ್ದೇನೆ ಅಂತ ಅಂದ್ಕೊಂಡು. ಪೆಟ್ಟಿಗೆಗೆ ಹೆಗಲು ಕೊಟ್ಟದ್ದು ಪಕ್ಕದ ಮನೆಯವರು. ನಿಮ್ಮ ತಮ್ಮನಿಗೆ ಬೇಕಾದ್ರೆ ಇದನ್ನ ಓದಿ ಹೇಳಿ.

ಶಿರಸಿಯಿಂದ:
ನಾನು ಮಕ್ಕಳಿಗೆ ಧರ್ಮೋಪದೇಶ ಕಲಿಸ್ತೇನೆ. ಕ್ಯಾಥೊಲಿಕರು ಪುಣ್ಯದ ಕೆಲಸ ಮಾಡಿ ರಕ್ಷಣೆ ಗಳಿಸ್ತಾರೆ ಅಂತ ತಮ್ಮ ಅಂದೇ ಅಂತಾನೆ ನೋಡಿ. ಕ್ರಿಸ್ತನ ಕೃಪೆ ಇಲ್ಲದೆ ಬರೇ ಸ್ವಂತ ಕ್ರಿಯೆಯಿಂದ ನೀತಿವಂತ ಆಗಬಹುದು ಅಂದವರನ್ನ 1547ರಲ್ಲೇ ಕ್ಯಾಥೊಲಿಕ್ ಬಿಷಪರ ಟ್ರೆಂಟ್ ಮಹಾಸಭೆ ಮೊದಲ ವಿಧಿಯಲ್ಲೇ ಖಂಡಿಸಿದೆ. ರಕ್ಷಣೆ ಕೃಪೆಯಿಂದ, ಕ್ರಿಯೆಯಿಂದಲ್ಲ ಅನ್ನುವ ಎಫೆಸ 2:8, 9 ಎಲ್ಲರಿಗೂ ಬಾಯಿಪಾಠ, ಒಳ್ಳೇ ಕೆಲಸಕ್ಕಾಗಿ ಸೃಷ್ಟಿಯಾದವರು ಅನ್ನುವ 10ನೇ ವಚನ ಮಾತ್ರ ಯಾರೂ ಓದೂದಿಲ್ಲ. 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪ್ರೊಟೆಸ್ಟಂಟರಲ್ಲಿ ಲುಥೆರನ್ನರೂ ಕ್ಯಾಥೊಲಿಕರೂ ಇದೇ ವಿಷಯದ ಒಂದು ಜಂಟಿ ಘೋಷಣೆಗೆ ಕೂಡಿ ಸಹಿ ಹಾಕಿದ್ರು, 2006ರಲ್ಲಿ ಮೆಥಡಿಸ್ಟರೂ ಸೇರಿದ್ರು. ಎಲ್ಲಾ ಜಗಳ ಮುಗೀತು ಅಂತಲ್ಲ, ಕೃಪೆಯಿಂದಲೇ ಅನ್ನುವಷ್ಟಕ್ಕೆ ಒಪ್ಪಿದ್ದಾರೆ. ಅನ್ಯಭಾಷೆಯ ಪ್ರಾರ್ಥನೆಯೂ ಅವರ ಸೊತ್ತಲ್ಲ, 1967ರಿಂದ ಪವಿತ್ರಾತ್ಮನ ವರಗಳಿಗಾಗಿ ಪ್ರಾರ್ಥಿಸುವ ನಮ್ಮ ಕರಿಸ್ಮ್ಯಾಟಿಕ್ ಕೂಟಗಳಲ್ಲೂ ಇದೆ.

ಆದ್ರೆ ನಮ್ಮ ತಪ್ಪೂ ಹೇಳ್ತೇನೆ. ನಮ್ಮ ಎಷ್ಟು ಮನೆಗಳಲ್ಲಿ ಬೈಬಲ್ ಅಲ್ಟಾರಿನ (ದೇವರ ಪೀಠದ) ಮೇಲೆ ಹೂವಿನ ಪಕ್ಕ ಇರ್ತದೆ, ತೆರೆಯೂದಿಲ್ಲ. ನಿಮ್ಮ ತಮ್ಮನಿಗೆ ಆ ಹಸಿವು ಅಲ್ಲಿ ಹುಟ್ಟಿದ್ರೆ ಅದು ಕೆಟ್ಟದಲ್ಲ. ಅಮ್ಮನಿಗೆ ದಿನಾ ಒಂದು ಅಧ್ಯಾಯ ಓದಿ ಹೇಳು ಅಂತ ಅವನಿಗೇ ಹೇಳಿ.

ಯಲ್ಲಾಪುರದಿಂದ:
ನಾವು ಸಿದ್ದಿಗಳು. ನಮ್ಮ ಸಂಬಂಧಿಕರಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ನಾವು ಕ್ರಿಶ್ಚಿಯನ್ನರು. ಮದುವೆಗೆ ಎಲ್ಲರೂ ಬರ್ತಾರೆ. ಒಂದೇ ಯೇಸುವಿನವರು ಒಂದೇ ಮನೇಲಿ ಹೀಗೆ ಮಾತಾಡಿಕೊಂಡದ್ದು ಓದಿ ಹೊಟ್ಟೆ ಉರೀತು ಅಕ್ಕಾ.

ಬಿಣಗಾದಿಂದ ಮತ್ತೆ:
ಎಲ್ಲರದ್ದೂ ಓದಿದೆ, ಕುಮಟಾದ ಅಣ್ಣಂದು ಎರಡು ಸಲ. ನಿನ್ನೆ ತಮ್ಮನಿಗೆ ಫೋನ್ ಮಾಡಿ ಆ ಒಂದು ಪ್ರಶ್ನೆ ಕೇಳಿದೆ. ಸುಮಾರು ಹೊತ್ತು ಮಾತಿಲ್ಲ, ಆಮೇಲೆ ಕೇಳಿ ಹೇಳ್ತೇನೆ ಅಂದ. ಇನ್ನೂ ಹೇಳಿಲ್ಲ. ಬರುವಾಗ ಅಮ್ಮನಿಗೆ ದೊಡ್ಡ ಅಕ್ಷರದ ಬೈಬಲ್ ತಾ ಅಂದಿದ್ದೇನೆ, ಅದಕ್ಕೆ ಹೂಂ ಅಂದ. ಅಮ್ಮನಿಗೆ ಕಳ್ಳನ ಕಥೆ ಹೇಳಿದೆ. ಅವರು ಅಪ್ಪನ ಫೋಟೋ ಕಡೆ ನೋಡಿ, "ಅವರು ಕಳ್ಳನೂ ಆಗಿರ್ಲಿಲ್ಲವಲ್ಲ" ಅಂದ್ರು.