‘ಡಿಆಕ್ಟಿವೇಟ್’ ಅನ್ನೋದಕ್ಕೆ ಏನನ್ನೋಣ? ಬಿಡಿಸು, ಕಳಚು, ಇನ್ನೇನಾದರೂ?

ಎಲ್ಲರಿಗೂ ನಮಸ್ಕಾರ. ಒಂದು ಪದ ಕೇಳಬೇಕಿತ್ತು. ಹಿಂದಿನ ಕತೆ ಸ್ವಲ್ಪ ಹೇಳಿದರೇ ಅರ್ಥವಾಗೋದು, ಬೇಸರ ಮಾಡ್ಕೋಬೇಡಿ.

ಕೊಪ್ಪಳದಲ್ಲಿ ನನ್ನದೊಂದು ಚಿಕ್ಕ ರೆಕಾರ್ಡಿಂಗ್ ಸ್ಟುಡಿಯೋ ಇದೆ. ಭಜನೆ, ತತ್ವಪದ, ಗವಿಮಠದ ಜಾತ್ರೆ ಹತ್ತಿರ ಬಂತೆಂದರೆ ಭಕ್ತಿಗೀತೆ ಜಾಸ್ತಿ. ಮೇಜಿನ ಮೇಲೊಂದು ಕಂಪ್ಯೂಟರ್, ಹಳ್ಳಿಗೆ ಒಯ್ಯಲು ಒಂದು ಲ್ಯಾಪ್‌ಟಾಪ್. ದನಿ ತಿದ್ದುವ, ಎಕೋ ಕೂಡಿಸುವ ಪ್ಲಗಿನ್‌ಗಳು, ಅಂದರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಜೋಡಿಸುವ ಚಿಕ್ಕ ಸಾಫ್ಟ್‌ವೇರ್‌ಗಳು, ಎರಡರಲ್ಲೂ ಬೇಕು. ದುಡ್ಡು ಕೊಟ್ಟು ತಗೊಂಡವು. ಒಂದು ಲೈಸೆನ್ಸ್ ಇಷ್ಟೇ ಕಂಪ್ಯೂಟರಿಗೆ ಅಂತ ಲೆಕ್ಕ ಇರುತ್ತದೆ. ಲೆಕ್ಕ ತುಂಬಿದ ಮೇಲೆ ಇನ್ನೊಂದರಲ್ಲಿ ಹಾಕಬೇಕಾದರೆ ಮೊದಲಿನದರಲ್ಲಿ ‘ಡಿಆಕ್ಟಿವೇಟ್’ ಒತ್ತಬೇಕು.

ನನ್ನ ಜೊತೆ ಕೆಲಸ ಮಾಡುವ ಹುಡುಗ ಯಲಬುರ್ಗಾ ಕಡೆಯವನು. ಅವನಿಗೆ ಅನುಕೂಲವಾಗಲಿ ಅಂತ ಗೋಡೆಗೆ ಕನ್ನಡದಲ್ಲೇ ಒಂದು ಹಾಳೆ ಅಂಟಿಸಿದ್ದೆ. ‘ಕಂಪ್ಯೂಟರ್ ಸರ್ವಿಸ್‌ಗೆ ಕೊಡುವ ಮುನ್ನ ಲೈಸೆನ್ಸ್ ನಿಷ್ಕ್ರಿಯಗೊಳಿಸಿ.’ ಬರೆದಾಗ ಬಹಳ ಹೆಮ್ಮೆಪಟ್ಟಿದ್ದೆ! ನಾನು ಊರಲ್ಲಿ ಇಲ್ಲದ ದಿನ ಕಂಪ್ಯೂಟರ್ ಕೈಕೊಟ್ಟಿತು. ಅವನು ಏನೂ ಒತ್ತದೆ ರಿಪೇರಿಗೆ ಕೊಟ್ಟ. ಅಲ್ಲಿ ಮದರ್‌ಬೋರ್ಡ್ ಬದಲಾಯಿಸಿದರು. ಬೋರ್ಡ್ ಬದಲಾದರೆ ಎಷ್ಟೋ ಪ್ಲಗಿನ್‌ಗಳಿಗೆ ಅದು ಹೊಸ ಕಂಪ್ಯೂಟರ್. ಲೈಸೆನ್ಸಿನಲ್ಲಿ ಇದ್ದದ್ದೇ ಎರಡು ಕಂಪ್ಯೂಟರಿನ ಜಾಗ. ಅದರಲ್ಲಿ ಒಂದು ಲ್ಯಾಪ್‌ಟಾಪಿಗೆ, ಇನ್ನೊಂದು ಗುಜರಿಗೆ ಹೋದ ಬೋರ್ಡಿಗೆ! ಪ್ಲಗಿನ್ ಮಾಡಿದ ಕಂಪನಿಗೆ ಮೇಲ್ ಬರೆದು, ಬಿಲ್ ಕಳಿಸಿ, ನಾಲ್ಕು ದಿನ ಕಾದೆ. ಹಾಡು ಅರ್ಧಕ್ಕೇ ನಿಂತಿತ್ತು.

ಹುಡುಗನಿಗೆ ಬೈಯಲು ಹೋದೆ. ಅವನು ಹೇಳಿದ: ‘ನಿಷ್ಕ್ರಿಯ ಅಂದ್ರ ಸತ್ತಂಗ ಅಲ್ಲೇನ್ರಿ ಅಣ್ಣಾ? ರೊಕ್ಕ ಕೊಟ್ಟು ತಂದಿದ್ದನ್ನ ನಾ ಹ್ಯಾಂಗ ಕೊಲ್ಲಲಿ?’

ತಪ್ಪು ನನ್ನ ಪದದ್ದು. ಇಲ್ಲಿ ಏನೂ ಸಾಯುವುದಿಲ್ಲ. ಲೈಸೆನ್ಸ್ ನಮ್ಮದೇ ಇರುತ್ತದೆ, ಈ ಕಂಪ್ಯೂಟರಿನ ನಂಟು ಮಾತ್ರ ಬಿಡುತ್ತದೆ. ‘ಸಕ್ರಿಯ’, ‘ನಿಷ್ಕ್ರಿಯ’ ಎರಡೂ ಈ ನಂಟಿನ ಮಾತೇ ಎತ್ತುವುದಿಲ್ಲ. ಇಂಗ್ಲಿಷಿನಲ್ಲೂ ಒಬ್ಬೊಬ್ಬರದು ಒಂದೊಂದು ಮಾತು. ರೆಕಾರ್ಡಿಂಗ್ ಸಾಫ್ಟ್‌ವೇರ್ ಮಾಡುವ ಏಬಲ್ಟನ್‌ನವರು ‘ಆಥರೈಸ್’ ಅನ್ನುತ್ತಾರೆ, ಎರಡು ಕಂಪ್ಯೂಟರಿಗೆ ಬಿಡುತ್ತಾರೆ. ಕ್ಯೂಬೇಸ್ ಅನ್ನೋ ಇನ್ನೊಂದು ಸಾಫ್ಟ್‌ವೇರ್ 2022ರಲ್ಲಿ 12ನೇ ಆವೃತ್ತಿಯಿಂದ ಡಾಂಗಲ್ (ಕಂಪ್ಯೂಟರಿಗೆ ಚುಚ್ಚುವ, ಲೈಸೆನ್ಸ್ ಇರುವ ಯುಎಸ್‌ಬಿ ಕಡ್ಡಿ) ಬಿಟ್ಟು ಆನ್‌ಲೈನ್ ಖಾತೆಗೆ ಬಂತು. ಅಲ್ಲಿ ‘ಆಕ್ಟಿವೇಟ್’, ಮೂರು ಕಂಪ್ಯೂಟರ್. ಡಾಂಗಲ್ ಕಾಲದಲ್ಲಿ ಈ ಪದದ ತಾಪತ್ರಯವೇ ಇರಲಿಲ್ಲ. ಇಲ್ಲಿಂದ ಕಿತ್ತು ಅಲ್ಲಿ ಚುಚ್ಚಿದರೆ ಆಯ್ತು. ಐಲಾಕ್ ಅನ್ನೋ ಡಾಂಗಲ್ ಇದ್ದವರಿಗೆ ಈಗಲೂ ಆ ಸುಖ ಇದೆ, ಅದನ್ನು ಕಳೆದುಕೊಳ್ಳದಿದ್ದರೆ.

ಸರಿ, ಬೇರೆ ಪದ ಹುಡುಕೋಣ ಅಂದುಕೊಂಡೆ. ಕೊಪ್ಪಳ 1948ರ ತನಕ ನಿಜಾಮರ ರಾಜ್ಯದಲ್ಲಿತ್ತು, ಕಚೇರಿಯಲ್ಲಿ ಉರ್ದು. ಅದಕ್ಕೋ ಏನೋ ನನ್ನ ಬಾಯಿಗೆ ಮೊದಲು ಬಂದದ್ದು ರದ್ದು, ಖಾಲಿ, ಖುಲ್ಲಾ. ‘ರದ್ದು’ ಅಂದರೆ ಲೈಸೆನ್ಸೇ ಹೋಯ್ತು. ಮನೆ ಖಾಲಿ ಮಾಡಿದ ಹಾಗೆ ‘ಖಾಲಿ ಮಾಡಿ’ ಅನ್ನಬಹುದು, ಆದರೆ ಕಂಪ್ಯೂಟರಿನಲ್ಲಿ ಖಾಲಿ ಅಂದರೆ ಫೈಲೆಲ್ಲ ಅಳಿಸಿಬಿಡುತ್ತಾನೆ. ‘ಖುಲ್ಲಾ’ ಕೋರ್ಟಿನ ಮಾತಾಯ್ತು. ‘ತೆರವು’ ಅರ್ಥದಲ್ಲಿ ಚೆನ್ನಾಗಿದೆ, ಯಾಕೋ ಹಿಂದೆಯೇ ಜೆಸಿಬಿ ಬಂದ ಹಾಗೆ ಅನಿಸುತ್ತದೆ.

ಆಮೇಲೆ ಎತ್ತಿನ ಬಂಡಿ ನೆನಪಾಯಿತು. ಎತ್ತು ನಮ್ಮದು. ಇವತ್ತು ಬಂಡಿಗೆ ಹೂಡುತ್ತೇವೆ, ನಾಳೆ ಕುಂಟೆಗೆ. ಎತ್ತು ಬಿಟ್ಟರೆ ಅದೇನೂ ಸಾಯಲ್ಲ, ಮಾರಿದ ಹಾಗೂ ಅಲ್ಲ. ‘ಆಕ್ಟಿವೇಟ್’ಗೆ ‘ಹೂಡು’ ಎಷ್ಟು ಚಂದ ಕೂರುತ್ತದೆ ನೋಡಿ. ಎತ್ತು ಕಾಣದವರೂ ಬಂಡವಾಳ ಹೂಡುತ್ತಾರೆ, ದಾವೆ ಹೂಡುತ್ತಾರೆ. ಪದ ಇನ್ನೂ ಬದುಕಿದೆ.

ತೊಡಕಿರುವುದು ಇದರ ಜೋಡಿಯಲ್ಲಿ. ನಮ್ಮ ಕಡೆ ಬಂಡಿ ನಿಲ್ಲಿಸಿ ಎತ್ತು ಬಿಡುವುದಕ್ಕೆ ‘ಕೊಳ್ಳು ಹರಿ’ ಅನ್ನುತ್ತಾರೆ. ಅದನ್ನು ಗೋಡೆಗೆ ಬರೆದರೆ ಬೇರೆ ಊರಿನವರು ಕುತ್ತಿಗೆ ಹರಿಯೋದು ಅಂದುಕೊಂಡಾರು, ನಿಷ್ಕ್ರಿಯವೇ ವಾಸಿ! ‘ಬಿಚ್ಚು’ ಅಂದರೆ ಹುಡುಗ ಸ್ಕ್ರೂಡ್ರೈವರ್ ತರುತ್ತಾನೆ. ಬರೀ ‘ಬಿಡು’ ಅಂದರೆ ಹೋಗಲಿ ಬಿಡು ಅಂದ ಹಾಗಾಗುತ್ತದೆ. ಉಳಿದದ್ದು ‘ಕಳಚು’ ಮತ್ತು ‘ಬಿಡಿಸು’. ನನಗೆ ‘ಬಿಡಿಸು’ ಇಷ್ಟ. ಒತ್ತೆ ಇಟ್ಟ ಬಂಗಾರ ಬಿಡಿಸಿಕೊಂಡು ಬರುತ್ತೇವಲ್ಲ, ವಸ್ತು ಮರಳಿ ನಮ್ಮ ಕೈಗೇ ಬರುತ್ತದೆ ಅನ್ನುವ ಧೈರ್ಯ ಆ ಪದದಲ್ಲಿದೆ. ಹಾಳೆ ತಿದ್ದಿ ‘ಲೈಸೆನ್ಸ್ ಬಿಡಿಸಿಕೊಳ್ಳಿ’ ಅಂತ ಬರೆದೆ. ಹುಡುಗ ಓದಿ ಕೇಳಿದ: ‘ಬಿಡಿಸ್ಕೊಳ್ಳಾಕ ಎಷ್ಟು ರೊಕ್ಕ ಕಟ್ಟಬೇಕ್ರಿ ಅಣ್ಣಾ?’

ಈಗ ನನ್ನ ಪ್ರಶ್ನೆಗಳು. ಬಂಡಿಯಿಂದ ಎತ್ತು ಬಿಡುವುದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ‘ಹೂಡು’ವಿಗೆ ‘ಕಳಚು’ ಜೋಡಿಯಾಗುತ್ತದೆಯೇ, ಅಥವಾ ಅದು ಪೊರೆ ಕಳಚಿದ ಹಾಗೆ ಕೇಳಿಸುತ್ತದೆಯೇ? ಇನ್ನೊಂದು: ಒಂದು ಲೈಸೆನ್ಸಿಗೆ ಮೂರು ಕಂಪ್ಯೂಟರ್ ಅಂದಾಗ ಆ ಮೂರಕ್ಕೆ ನಾನು ಸುಮ್ನೆ ‘ಜಾಗ’ ಅನ್ನುತ್ತಿದ್ದೇನೆ. ಇದಕ್ಕಿಂತ ಒಳ್ಳೆಯದಿದ್ದರೆ ಹೇಳಿ. ಸದ್ಯಕ್ಕೆ ಹಾಳೆಯ ಮೇಲೆ ‘ಈ ಕಂಪ್ಯೂಟರಿನಿಂದ ಲೈಸೆನ್ಸ್ ಬಿಡಿಸಿ’ ಅಂತಿದೆ. ಅದರ ಕೆಳಗೆ ಹುಡುಗನೇ ಪೆನ್ನಿನಲ್ಲಿ ‘ರೊಕ್ಕ ಬ್ಯಾಡ’ ಅಂತ ಸೇರಿಸಿದ್ದಾನೆ.